ಗುಡ್ಡದ ಪಂಕ್ತಿಭೇದ

ಹುಮನಾಬಾದಿನ ಒಂದು ಹೈಸ್ಕೂಲಿಗೆ ಕಂಪ್ಯೂಟರ್ ಬಂದು ವರ್ಷವಾಗುತ್ತ ಬಂದಿದ್ದರೂ ಅದಿನ್ನೂ ಮಕ್ಕಳ ಮುಖ ನೋಡಿರಲಿಲ್ಲ. ಹೆಡ್‌ಮಾಸ್ತರ ಅಜೀಮುದ್ದೀನ್ ಅದಕ್ಕೊಂದು ಮಖಮಲ್ಲಿನ ಹೊದಿಕೆ ಹೊಲಿಸಿ, ಖೋಲಿಗೆ ಕೀಲಿ ಜಡಿದು, ಕೀಲಿಕೈಯನ್ನು ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ಕೆಟ್ಟರೆ ಜವಾಬು ಹೇಳುವವರು ಯಾರು ಎಂಬುದು ಅವರ ಒಂದೇ ಮಾತು.

ಗಣಿತದ ಶಿಕ್ಷಕಿ ಸುಗಂಧಾಗೆ ಈ ಮಾತು ಕೇಳಿ ಕೇಳಿ ಕಿವಿ ಸವೆದಿತ್ತು. ಅವಳು ಮೋರಖಂಡಿಯ ಕೂಲಿಕಾರರ ಮನೆಯ ಮಗಳು. ಆ ಓಣಿಯಲ್ಲಿ ಅವಳಿಗಿಂತ ಮೊದಲು ಯಾರೂ ಬಿ.ಎಸ್ಸಿ. ಮಾಡಿರಲಿಲ್ಲ. ಕಂಪ್ಯೂಟರ್ ತರಬೇತಿಗೆ ಗುಲಬರ್ಗಾಕ್ಕೆ ಹೋಗಲು ಬೇರೆ ಮಾಸ್ತರರೆಲ್ಲ ನೆಪ ಹೇಳಿದಾಗ ಹೋಗಿಬಂದವಳು ಅವಳೇ. ಅಲ್ಲಿ ಕೊಟ್ಟ ಒಂದು ಪತ್ರಿಕೆಯಲ್ಲಿ ಗುಡ್ಡ ಬಿಡಿಸುವ ಪ್ರೋಗ್ರಾಂ ಇತ್ತು. ಶಾಲೆ ಬಿಟ್ಟ ಮೇಲೆ, ಹೆಡ್‌ಮಾಸ್ತರರ ಕಾವಲಿನಲ್ಲಿ, ಅದನ್ನು ಸಾಲುಸಾಲಾಗಿ ಟೈಪು ಮಾಡಿ ಮುಗಿಸಿದ್ದಳು. ಕರೆಂಟು ಹೋಗಿ ಎಷ್ಟೋ ಸಲ ಎಲ್ಲ ಅಳಿಸಿಹೋದಾಗ ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ್ದಳು.

"ಸರ್, ಶನಿವಾರಕ್ಕೊಮ್ಮೆಯಾದ್ರೂ ಹುಡುಗರಿಗೆ ಖೋಲಿ ತೆಗೀರಿ," ಎಂದು ಬೆನ್ನು ಹತ್ತಿದಾಗ ಅಜೀಮುದ್ದೀನ್ ಕೊನೆಗೊಂದು ಷರತ್ತು ಹಾಕಿದರು. "ಪಾಲಕರ ಸಭಾದ ದಿನ ದೊಡ್ಡವರಿಗೆ ತೋರಸ್ರಿ. ಒಂದ್ ತಕರಾರು ಬರಲಿಲ್ಲಂದ್ರ ತೆಗೀತೀನಿ. ಬಂತಂದ್ರ ಮುಂದ ಈ ಮಾತು ಎತ್ತಬ್ಯಾಡ್ರಿ."

ಗುಡ್ಡ ನೋಡಿ ಯಾರು ತಕರಾರು ಮಾಡುತ್ತಾರೆ ಎಂದುಕೊಂಡಳು ಸುಗಂಧಾ.

ಸಭೆಯ ದಿನ ಬಂತು. ಖೋಲಿ ಚಿಕ್ಕದು, ಒಂದೊಂದು ಊರಿನ ಪಾಲಕರನ್ನೇ ಒಳಗೆ ಬಿಡಬೇಕಾಯಿತು. ಮೊದಲು ಬಂದವರು ಘಾಟಬೋರಾಳದವರು. ಪರದೆಯ ಮೇಲೆ ಬರೀ ಒಂದು ತ್ರಿಕೋನ ಮೂಡಿತು. "ಈಗ ಪ್ರತಿ ಗೆರೆಯ ನಡುವಿನ ಬಿಂದುವನ್ನ ಇದು ಮ್ಯಾಲರ ಕೆಳಗರ ತಳ್ಳತದ," ಎಂದು ಸುಗಂಧಾ ವಿವರಿಸಿದಳು. "ಎಷ್ಟು ತಳ್ಳಬೇಕನ್ನೂದು ಪಗಡಿ ಒಗದಂಗ, ಬಿದ್ದಷ್ಟು. ಒಂದು ತ್ರಿಕೋನ ಒಡದು ನಾಕಾಗ್ತದ. ಆ ನಾಕಕ್ಕೂ ಮತ್ತ ಹಂಗೇ. ಸಣ್ಣ ಗೆರಿಗೆ ಸಣ್ಣ ತಳ್ಳು." ಯಾರಿಗೂ ಏನೂ ತಿಳಿಯಲಿಲ್ಲ. ಆದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಿಳಿ ನೆತ್ತಿಯ ಎತ್ತರದ ಗುಡ್ಡವೊಂದು ಎದ್ದು ನಿಂತಿತು. "ಅಬಬಾ!" ಎಂದರು ಯಶೋದಾಬಾಯಿ. ಘಾಟಬೋರಾಳದ ಹೆಂಗಸರಿಗೆಲ್ಲ ಬಾಯಿ ಅವರೇ. ಆ ಬಾಯಿ ಸುಮ್ಮನಿದ್ದೀತೆ? ಹೊರಗೆ ಸರದಿಯಲ್ಲಿ ನಿಂತಿದ್ದ ಹಳ್ಳಿಖೇಡದವರಿಗೆ ಗುಡ್ಡವನ್ನು ಇನ್ನಷ್ಟು ಎತ್ತರ ಮಾಡಿಯೇ ವರ್ಣಿಸಿದರು.

ಹಳ್ಳಿಖೇಡದವರು ಒಳಗೆ ಬಂದು ಕುಳಿತರು. ಗೆರೆಗಳು ಒಡೆದವು, ತಳ್ಳಾಟ ನಡೆಯಿತು. ಕೊನೆಗೆ ಪರದೆಯ ಮೂಲೆಯಲ್ಲಿ ಒಂದು ಗಿಡ್ಡ ದಿಬ್ಬ ಉಳಿಯಿತು.

ಕಬ್ಬಿನ ಗುಂಡಪ್ಪ ಮುಂದಿನ ಬೆಂಚಿನಿಂದ ಎದ್ದರು. "ಇದೇನ್ರಿ ಟೀಚರ್? ಅವರಿಗೆ ಅಷ್ಟೆತ್ತರ ಗುಡ್ಡ, ನಮಗ ತಿಪ್ಪಿ?"

"ಪ್ರತಿ ಸಲ ಬ್ಯಾರೆ ಬರ್ತದ್ರಿ ಕಾಕಾ. ನನ್ನ ಕೈಯಾಗ ಇಲ್ಲ."

"ಬಟನ್ ಒತ್ತಿದವರು ನೀವು. ಕೈ ಯಾರದು ಮತ್ತ?"

ಬಾಗಿಲಲ್ಲಿ ಯಶೋದಾಬಾಯಿಯ ತಲೆ ಕಾಣಿಸಿತು. "ಸಕ್ಕರಿ ಫ್ಯಾಕ್ಟರಿ ನಿಮ್ಮೂರಿಗೇ ಬಂತು. ಗುಡ್ಡಾನೂ ನಿಮಗೇ ಬೇಕೇನೋ ಗುಂಡಪ್ಪ?"

"ಹಂಗಂದ್ರ ಅವರಿಗೆ ತೋರಿಸಿದ್ದನ್ನೇ ನಮಗೂ ತೋರಸ್ರಿ," ಎಂದು ಗುಂಡಪ್ಪ ಪಟ್ಟು ಹಿಡಿದರು.

ಸುಗಂಧಾಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಒಂದು ನಂಬರ್ ಹಾಕಿ ಶುರು ಮಾಡಿದರೆ ಆ ನಂಬರಿಗೆ ಯಾವಾಗಲೂ ಅದೇ ಗುಡ್ಡ. ಆದರೆ ಅವಳು ಬೆಳಗಿನಿಂದ ನಂಬರನ್ನು ಯಂತ್ರದ ಗಡಿಯಾರಕ್ಕೇ ಬಿಟ್ಟಿದ್ದಳು. ಘಾಟಬೋರಾಳದ ಗುಡ್ಡ ಯಾವ ಕ್ಷಣದ ನಂಬರಿನಿಂದ ಎದ್ದಿತ್ತೋ ಯಾರಿಗೆ ಗೊತ್ತು? ಅದು ಹೋಯಿತು ಎಂದರೆ ಹೋಯಿತು. ಇದನ್ನು ಬಿಡಿಸಿ ಹೇಳಿದಷ್ಟೂ ಮುಚ್ಚಿಡುತ್ತಿದ್ದಾಳೆ ಎಂಬ ಗುಮಾನಿ ಬಲಿಯಿತು.

"ನಮಗ ತಿಳೀತಿಲ್ಲೇನ್ರಿ? ಇದು ಪಂಕ್ತಿಭೇದ," ಎಂದುಬಿಟ್ಟರು ಗುಂಡಪ್ಪ.

ಆ ಮಾತು ನೆಟ್ಟಗೆ ಸುಗಂಧಾಳ ಎದೆಗೆ ಬಡಿಯಿತು. ಊರಿನ ಮದುವೆಗಳಲ್ಲಿ ಎಲ್ಲರ ಊಟ ಮುಗಿದ ಮೇಲೆ, ಅಂಗಳದ ಹೊರಗೆ, ತಳ ಕೆರೆದ ಹುಗ್ಗಿಗಾಗಿ ಅವ್ವನ ಪಕ್ಕ ಕಾಯುತ್ತ ಕುಳಿತವಳು ಅವಳು. ಪಂಕ್ತಿಭೇದ ಎಂದರೇನು ಎಂದು ಅವಳಿಗೆ ಇವರು ಹೇಳಿಕೊಡುತ್ತಿದ್ದಾರೆ! ಅದೂ ಇಲ್ಲದ ಗುಡ್ಡದ ಸಲುವಾಗಿ! ಗದ್ದಲ ಕೇಳಿ ಅಜೀಮುದ್ದೀನ್ ಬಂದು ನಿಂತಿದ್ದರು. ಬೆರಳುಗಳು ಆಗಲೇ ಒಳಜೇಬಿಗೆ ಹೋಗಿದ್ದವು.

"ಕಾಕಾ," ಎಂದಳು ಸುಗಂಧಾ, ಸಿಟ್ಟನ್ನು ನುಂಗಿಕೊಂಡು. "ಅಣ್ಣತಮ್ಮರು ಹೊಲ ಪಾಲು ಮಾಡಿಕೊಳ್ಳೂಮುಂದ ಏನ್ ಮಾಡ್ತೀರಿ?"

"ಚೀಟಿ ಎತ್ತತೀವಿ."

"ತನ್ನ ಕೈಲೆ ಎತ್ತಿದ ಚೀಟಿಗೆ ಯಾರರ ತಕರಾರು ಮಾಡ್ತಾರೇನ್ರಿ?"

"ಯಾಕ ಮಾಡ್ತಾರ? ಅವರವರ ನಸೀಬು."

"ಹಂಗಾರ ನಂಬರ್ ನೀವೇ ಹೇಳ್ರಿ. ನಾ ಬರೇ ಒತ್ತತೀನಿ. ಏನ್ ಬರ್ತದೋ ಅದು ಹಳ್ಳಿಖೇಡದ ಪಾಲು."

ಗುಂಡಪ್ಪ ಹಿಂದಿನವರ ಮುಖ ನೋಡಿದರು. ಯೋಚಿಸಿ ಯೋಚಿಸಿ ತಮ್ಮ ಟ್ರ್ಯಾಕ್ಟರಿನ ನಂಬರ್ ಹೇಳಿದರು. ಎಲ್ಲರಿಗೂ ಕಾಣುವಂತೆ ಸುಗಂಧಾ ಅದನ್ನೇ ಒತ್ತಿದಳು.

ಗೆರೆಗಳು ಒಡೆಯುತ್ತ ಹೋದವು. ಆದರೆ ಈ ಸಲ ತಳ್ಳುಗಳೆಲ್ಲ ಕೆಳಮುಖ. ಸಮುದ್ರಮಟ್ಟಕ್ಕಿಂತ ಕೆಳಗಿಳಿದದ್ದನ್ನೆಲ್ಲ ನೀರು ಮಾಡಬೇಕೆಂದು ಪ್ರೋಗ್ರಾಂನಲ್ಲಿತ್ತು. ನೋಡನೋಡುತ್ತ ಪರದೆಯ ತುಂಬ ನೀಲಿ ಹರಡಿತು. ನಡುವೆ ಎರಡು ಕಲ್ಲಿನ ತುದಿ ಬಿಟ್ಟರೆ ನೆಲವೇ ಇಲ್ಲ. ಇನ್ನು ಖೋಲಿಗೆ ಶಾಶ್ವತ ಕೀಲಿ ಎಂದುಕೊಂಡಳು ಸುಗಂಧಾ.

ಯಶೋದಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಮುಳುಗಿತಲ್ಲೋ ಗುಂಡಪ್ಪ, ನಿನ್ನ ಟ್ರ್ಯಾಕ್ಟರ್ ಸಹಿತ!"

ಗುಂಡಪ್ಪ ನಗಲಿಲ್ಲ. ಪರದೆಯ ಹತ್ತಿರ ಬಗ್ಗಿದರು. "ಇದು ನೀರೇನ್ರಿ ಟೀಚರ್?"

"ನೀರು."

"ಎಲ್ಲಾ?"

"ಎಲ್ಲಾ."

ಅವರು ಸಾವಕಾಶ ಹೆಗಲ ಮೇಲಿನ ಟವಲು ಸರಿಪಡಿಸಿಕೊಂಡು ಬಾಗಿಲ ಕಡೆ ತಿರುಗಿದರು. "ಯಶೋದಾಬಾಯಿ, ನಿನ್ನ ಗುಡ್ಡದ ಮ್ಯಾಲ ಏನ್ ಬಿತ್ತತೀ ಹೇಳು. ಇಷ್ಟು ನೀರು ನನಗಿದ್ರ ಈ ದಂಡಿಯಿಂದ ಆ ದಂಡಿತನಾ ಕಬ್ಬು ಹಚ್ಚತೀನಿ."

ಯಶೋದಾಬಾಯಿಯ ನಗು ಅಲ್ಲೇ ನಿಂತಿತು. ನೀಲಿಯನ್ನೇ ದಿಟ್ಟಿಸುತ್ತ ಸೀದಾ ಒಳಗೆ ಬಂದರು. "ಟೀಚರ್, ನಮ್ಮೂರಿಗೆ ನೀವು ಚೀಟೀನೇ ಎತ್ತಿಸಿಲ್ಲ. ನಾನೂ ನಂಬರ್ ಹೇಳ್ತೀನಿ. ನಮಗೂ ನೀರು ಬೇಕು."

ಸುಗಂಧಾ ಕುರ್ಚಿಯಲ್ಲಿ ಕುಸಿದು ಕುಳಿತಳು. ಸಂಜೆಯವರೆಗೆ ಬಸ್ಸಿನ ನಂಬರ್, ಬಾವಿಯ ಪಂಪಿನ ನಂಬರ್, ಸತ್ತ ಮಾವ ಹುಟ್ಟಿದ ಇಸವಿ ಎಲ್ಲವನ್ನೂ ಒತ್ತಿದಳು. ಗುಡ್ಡ ಎದ್ದವರು ಮೋರೆ ಸಣ್ಣ ಮಾಡಿಕೊಂಡು ತಮ್ಮ ನಸೀಬು ಬೈದುಕೊಂಡರು. ಅವಳನ್ನು ಮಾತ್ರ ಯಾರೂ ಬೈಯಲಿಲ್ಲ. ತ್ರಿಕೋನದಿಂದ ಗುಡ್ಡ ಹ್ಯಾಂಗಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಅಜೀಮುದ್ದೀನ್ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. "ತಕರಾರು ಅಂತ ಉಳೀಲಿಲ್ಲ. ಶನಿವಾರ ತೆಗೀರಿ." ಹೊರಟವರು ಬಾಗಿಲಲ್ಲಿ ತಡೆದರು. "ಸುಗಂಧಾಬಾಯಿ, ನನ್ನ ಸ್ಕೂಟರ್ ನಂಬರ್ ಒಂದ್ ಸಲ ಹಾಕ್ರಿ, ನೋಡೋಣು."

ಶನಿವಾರ ಖೋಲಿಯ ಮುಂದೆ ಮಕ್ಕಳು ಕಿಕ್ಕಿರಿದಿದ್ದರು. ಪ್ರತಿಯೊಬ್ಬರ ಅಂಗೈ ಮೇಲೂ ಮನೆಯವರು ಪೆನ್ನಿನಿಂದ ಬರೆದ ನಂಬರ್. ಸುಗಂಧಾ ಉಸಿರುಬಿಟ್ಟು ಕೀಲಿ ತೆಗೆದಳು. ಕಂಪ್ಯೂಟರಿನ ಹೊದಿಕೆಗೆ ಕೈ ಹಚ್ಚದೆ, ಕಪ್ಪು ಹಲಗೆಯ ಮೇಲೆ ದೊಡ್ಡದೊಂದು ತ್ರಿಕೋನ ಬರೆದಳು.

"ಕೈ ತೊಳಕೊಂಡು ಬರ್ರಿ ಎಲ್ಲರೂ," ಎಂದಳು. "ಮೊದಲು ಇದು."