ಕೇಬಲ್ ಮುಟ್ಟಿದಾಗ ಅಲುಗಿದ ಗೆರೆ

ಐದು ವರ್ಷ ನಾನು ಒಂದು ಆಂಟೆನಾದ ಹಿಂದೆ ಬಿದ್ದಿದ್ದೆ. ಮನೆ ಕೊಟ್ಟೂರಿನಲ್ಲಿ, ಪಾಠ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ, ಉಳಿದ ಹೊತ್ತೆಲ್ಲ ಪಿಎಚ್.ಡಿ. ಕೆಲಸಕ್ಕೆ. ಆಂಟೆನಾ ಎಂದರೆ ಜನ ಮಾಳಿಗೆಯ ಮೇಲಿನ ಕಂಬಿ ಅಂದುಕೊಳ್ಳುತ್ತಾರೆ. ನನ್ನದು ಬೆಂಕಿಪೊಟ್ಟಣದಷ್ಟು ಅಗಲದ ಹಸಿರು ಬೋರ್ಡು. ಅದರ ಮೇಲೆ ತೆಳ್ಳನೆಯ ತಾಮ್ರ, ನಡುವೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ, ಎಳ್ಳಿನಷ್ಟು ಚಿಕ್ಕ ಎರಡು ಡಯೋಡು. ಮೊಬೈಲು, ವೈಫೈ, ಇನ್ನೂ ಏನೇನೋ ಸಿಗ್ನಲ್‌ಗಳನ್ನು ಇದೊಂದೇ ಹಿಡಿಯಬೇಕು. ಡಯೋಡಿಗೆ ಕರೆಂಟು ಕೊಟ್ಟರೆ ಬೇಡವಾದದ್ದನ್ನು ಬಿಡಬೇಕು. ಬರೀ ಇಷ್ಟೇ ನನ್ನ ಸಂಶೋಧನೆ.

ಅದರ ಬಗ್ಗೆ ಹಿಂದಿನ ವರ್ಷ ನನ್ನ ಮತ್ತು ನನ್ನ ಗೈಡ್ ಸರ್ ಹೆಸರಿನಲ್ಲಿ ಒಂದು ಪ್ರಬಂಧ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಫ್ರೀಕ್ವೆನ್ಸಿ ಇಳಿದಷ್ಟೂ ಆಂಟೆನಾ ದೊಡ್ಡದಾಗಬೇಕು; ಇಷ್ಟು ಚಿಕ್ಕ ಬೋರ್ಡು ಇಷ್ಟು ಕೆಳಗಿನ ಫ್ರೀಕ್ವೆನ್ಸಿಯವರೆಗೆ ಕೆಲಸ ಮಾಡುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಕಂಪ್ಯೂಟರಿನ ಲೆಕ್ಕ ಅಷ್ಟು ಕೆಳಗೆ ಇಳಿದಿರಲಿಲ್ಲ, ಅಳತೆ ಇಳಿದಿತ್ತು. ಆ ವ್ಯತ್ಯಾಸಕ್ಕೆ ‘ತಯಾರಿಕೆಯ ಕಾರಣಗಳು’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ.

ಆಂಟೆನಾ ಯಾವ ದಿಕ್ಕಿಗೆ ಎಷ್ಟು ಸಿಗ್ನಲ್ ಕಳಿಸುತ್ತದೆ ಎಂದು ನೋಡುವುದು ಬಾಕಿಯಿತ್ತು. ಅದಕ್ಕೆ ಬೇಕಾದ ಕೋಣೆ ವಿಶ್ವವಿದ್ಯಾಲಯದಲ್ಲಿ ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಬಯಲಾದರೂ ನಡೆಯುತ್ತದೆ, ಸುತ್ತ ಸಿಗ್ನಲ್ಲನ್ನು ತಿರುಗಿ ಎಸೆಯುವ ಗೋಡೆ ಗಿಡ ಇರಬಾರದು ಅಷ್ಟೇ. ಕೂಡ್ಲಿಗಿಯ ಹತ್ತಿರ ನನ್ನ ತವರಿನ ಹೊಲದಲ್ಲಿ ಶೇಂಗಾ ಕಿತ್ತಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಕಾಲೇಜಿನ ಅಳತೆಯ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದೆ.

ಬಿಸಿಲಿಗೆ ಯಂತ್ರದ ಪರದೆ ಕಾಣುತ್ತಿರಲಿಲ್ಲ. ಅವ್ವ ಕೊಡೆ ಹಿಡಿದು ನಿಂತಳು. ಪರದೆಯ ಮೇಲೆ ಒಂದು ಹಳದಿ ಗೆರೆ. ಅದು ಎಲ್ಲಿ ತಗ್ಗುತ್ತದೋ ಅಲ್ಲಿ ಆಂಟೆನಾ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ. ನಾನು ಕೇಬಲ್ ಸರಿಮಾಡುತ್ತಿದ್ದೆ. ಅವ್ವ ಪರದೆಯನ್ನೇ ನೋಡುತ್ತಿದ್ದಳು.

“ನೀ ವಯರಿಗೆ ಕೈ ಹಚ್ಚಿದಾಗೊಮ್ಮೆ ಆ ಗೆರಿ ಅಳ್ಳಾಡ್ತೈತಿ ನೋಡು,” ಎಂದಳು.

“ಎಲ್ಲಿ?”

“ಈ ಎಡಗಡಿ ತುದ್ಯಾಗ. ಬಿಟ್ರ ಸುಮ್ನಾಗ್ತೈತಿ.”

ಕೇಬಲ್ ಹಿಡಿದೆ. ಗೆರೆಯ ಎಡತುದಿ ಮೇಲೆದ್ದಿತು. ಬಿಟ್ಟೆ, ತಗ್ಗಿತು. ಇನ್ನೊಮ್ಮೆ ಹಿಡಿದೆ. ಎಡತುದಿ ಎಂದರೆ ಆ ಕೆಳಗಿನ ಫ್ರೀಕ್ವೆನ್ಸಿ, ನನ್ನ ಪ್ರಬಂಧದ ಜೀವ. ಕೈ ತಾಗಿ ಗೆರೆ ಅಲುಗಿತೆಂದರೆ, ಅಲ್ಲಿ ಕೆಲಸ ಮಾಡುತ್ತಿದ್ದದ್ದು ನನ್ನ ಬೋರ್ಡಲ್ಲ. ಅದಕ್ಕೆ ಕಟ್ಟಿದ ಕೇಬಲ್ಲೇ ಆಂಟೆನಾ ಆಗಿಬಿಟ್ಟಿತ್ತು.

ಮರುದಿನ ಕಾಲೇಜಿನಲ್ಲಿ ಬೇರೆ ಕೇಬಲ್ ಹಾಕಿ ನೋಡಿದೆ, ಅದೇ. ಹಳೆಯ ಕಂಪ್ಯೂಟರ್ ವಯರುಗಳ ತುದಿಯಲ್ಲಿ ಒಂದು ಕಪ್ಪು ಗಂಟು ಇರುತ್ತದೆ. ವಯರಿನ ಹೊರಮೈಯಲ್ಲಿ ಹರಿಯುವ ಕರೆಂಟನ್ನು ಅದು ತಡೆಯುತ್ತದೆ. ಅಂಥ ನಾಲ್ಕು ಗಂಟು ಬಿಚ್ಚಿ ನನ್ನ ಕೇಬಲ್ಲಿಗೆ ಏರಿಸಿದೆ. ಎಡತುದಿಯ ತಗ್ಗು ಪೂರ್ತಿ ಮಾಯವಾಯಿತು. ಯಂತ್ರ ಆರಿಸಿ, ಲ್ಯಾಬಿನ ಬಾಗಿಲು ಎಳೆದುಕೊಂಡು ಕುಳಿತೆ. ಯಾರಾದರೂ ಬಂದು ಏನು ಮೇಡಂ ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ.

ಅವ್ವನಿಗೆ ಮಾತ್ರ ಫೋನಿನಲ್ಲಿ ಹೇಳಿದೆ. “ನಾ ಬರದಿದ್ದು ತಪ್ಪಾಗೇತವ್ವ.”

“ಬೇಕಂತ ಬರದಿದ್ದೇನು?”

“ಇಲ್ಲ.”

“ಮತ್ತ ನಿಮ್ ಸರ್‌ಗೆ ಹೇಳು ಹೋಗಿ.”

ಹೇಳಲಿಲ್ಲ. ಹೇಳಿದರೆ ಪ್ರಬಂಧ ಹೋಗುತ್ತದೆ, ಪದವಿ ಹೋಗುತ್ತದೆ, ಪ್ರಬಂಧದಲ್ಲಿ ನನ್ನ ಜೊತೆ ಗೈಡಿನ ಹೆಸರೂ ಇದೆ. ಸರ್ ಹೆಸರು ಫೋನಿನಲ್ಲಿ ಮೂಡಿದರೆ ಎತ್ತದೆ ಬಿಡುತ್ತಿದ್ದೆ. ಪಾಠ ಇತ್ತು, ಬಸ್ಸಿನಲ್ಲಿದ್ದೆ ಎಂದು ಸಬೂಬು ಹೇಳುತ್ತ ಹದಿನೈದು ದಿನ ತಳ್ಳಿದೆ.

ಆಗ ಒಂದು ಇಮೇಲ್ ಬಂತು. ಬೇರೆ ರಾಜ್ಯದ ಒಬ್ಬ ಹುಡುಗಿ, ನನ್ನ ಹಾಗೆಯೇ ಸಂಶೋಧನೆ ಮಾಡುವವಳು. ನಮ್ಮ ಪ್ರಬಂಧ ನೋಡಿ ಅದೇ ಆಂಟೆನಾ ಮಾಡಿದ್ದಾಳೆ. ಮೂರು ತಿಂಗಳಾದರೂ ಕೆಳಗಿನ ಫ್ರೀಕ್ವೆನ್ಸಿ ಬರುತ್ತಿಲ್ಲ. ತಾನು ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ತಿಳಿಸುವಿರಾ ಎಂದು ಕೇಳಿದ್ದಳು.

ಪಕ್ಕದಲ್ಲಿ ಯಾರೂ ಇಲ್ಲ ಎಂದು ನೋಡಿಕೊಂಡು ಉತ್ತರ ಬರೆದೆ. ‘ತಯಾರಿಕೆಯಲ್ಲಿ ದೋಷವಿರಬಹುದು. ಬೋರ್ಡನ್ನು ಮತ್ತೊಮ್ಮೆ ಮಾಡಿಸಿ ನೋಡಿ.’ ಕಳಿಸಿಯೂ ಬಿಟ್ಟೆ. ಒಂದು ತಾಸಿನೊಳಗೆ ಅವಳ ಮರು ಉತ್ತರ ಬಂತು. ತುಂಬ ಉಪಕಾರವಾಯಿತು, ನಾಳೆಯೇ ಹೊಸ ಬೋರ್ಡಿಗೆ ಕೊಡುತ್ತೇನೆ ಎಂದಿದ್ದಳು. ಅದನ್ನು ಓದಿದ ಮೇಲೆ ಹಿಡಿದದ್ದು ಬೇರೆ ಹೆದರಿಕೆ. ಅಲ್ಲಿಯವರೆಗೆ ಜನರಿಗೆ ಅಂಜುತ್ತಿದ್ದೆ. ಈಗ ನನ್ನ ಬಗ್ಗೆಯೇ ಅಂಜಿಕೆಯಾಯಿತು. ಇಷ್ಟು ಸಲೀಸಾಗಿ ಬರೆಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಆ ವಾರದ ರಜೆಗೆ ಯಂತ್ರ, ಬೋರ್ಡು ಎತ್ತಿಕೊಂಡು ಹರಪನಹಳ್ಳಿಯ ಬಸ್ಸು ಹತ್ತಿದೆ. ಗೈಡಿನ ಸ್ವಂತ ಮನೆ ಅಲ್ಲಿತ್ತು. ಅವರ ಗೇಟು ದಾಟಿ ಓಣಿಯ ಕೊನೆಯವರೆಗೆ ನಡೆದೆ, ಮತ್ತೆ ಬಂದೆ, ಮತ್ತೆ ದಾಟಿದೆ. ಮೂರನೆಯ ಸಲ ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಯಾಕಮ್ಮ, ಮನೆ ಗುರ್ತು ಸಿಗಲಿಲ್ವಾ?” ಎಂದರು. ಒಳಗೆ ಹೋಗಲೇಬೇಕಾಯಿತು.

ಕೇಬಲ್ಲಿನ ವಿಷಯವನ್ನು ಸರ್‌ಗೆ ಹೇಳಿದೆ. ಊಟದ ಮೇಜಿನ ಮೇಲೆ ಯಂತ್ರ ಇಡಿಸಿ, ಕೇಬಲ್ಲನ್ನು ತಾವೇ ಮುಷ್ಟಿಯಲ್ಲಿ ಹಿಡಿದು ನೋಡಿದರು, ಬಿಟ್ಟರು, ಹಿಡಿದರು. ಕನ್ನಡಕ ತೆಗೆದು ಒರೆಸಿದರು.

“ಲೆಕ್ಕಕ್ಕೂ ಅಳತೆಗೂ ಯಾಕೆ ಕೂಡ್ತಿಲ್ಲ ಅಂತ ನಾನೂ ಕೇಳಬೇಕಿತ್ತು. ಕೇಳಲಿಲ್ಲ,” ಎಂದರು. “ಅಳತೆ ತಪ್ಪೋದು ಎಲ್ರಿಗೂ ಆಗತೈತೆ. ಪತ್ರಿಕೆಗೆ ಬರೆಯೋಣ.”

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಹುಡುಗಿಯ ವಿಷಯವನ್ನೂ ಹೇಳಿದೆ.

“ಏನಂತ ಉತ್ತರ ಕೊಟ್ಟೆ?”

ಹೇಳಿದೆ. ಅವರ ಮುಖ ಬದಲಾಯಿತು. ದನಿ ಏರಿಸಲಿಲ್ಲ. “ಅದು ತಪ್ಪಲ್ಲಮ್ಮ. ಅದು ಸುಳ್ಳು. ಇಲ್ಲೇ ಕೂತು ಈಗ್ಲೇ ಅವಳಿಗೆ ಬರಿ. ಬರೆದ್ಮೇಲೇ ಚಾ.”

ಬರೆದೆ. ಬೋರ್ಡಿನಲ್ಲಿ ದೋಷವಿಲ್ಲ, ದೋಷ ನಮ್ಮ ಅಳತೆಯದು. ಅದು ಗೊತ್ತಿದ್ದೂ ನಿಮಗೆ ಬೇರೆ ಹೇಳಿದೆ, ಕ್ಷಮಿಸಿ. ಎರಡು ಕಡೆ ಅಕ್ಷರ ತಪ್ಪಿತು, ತಿದ್ದಿ ಕಳಿಸಿದೆ.

ಪತ್ರಿಕೆ ನಮ್ಮ ತಿದ್ದುಪಡಿಯನ್ನು ಅಚ್ಚು ಹಾಕಲು ಏಳು ತಿಂಗಳು ತೆಗೆದುಕೊಂಡಿತು. ಆಂಟೆನಾದ ವ್ಯಾಪ್ತಿ ಅರ್ಧದಷ್ಟಾಯಿತು. ಅದನ್ನು ಮತ್ತೆ ಕಟ್ಟಲು ಒಂದೂವರೆ ವರ್ಷ ಹೆಚ್ಚಿಗೆ ಹಿಡಿಯಿತು; ಬೋರ್ಡು ಮೊದಲಿಗಿಂತ ದೊಡ್ಡದಾಯಿತು, ಆದರೆ ಯಾರು ಹಿಡಿದರೂ ಗೆರೆ ಅಲುಗುವುದಿಲ್ಲ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ತಿದ್ದುಪಡಿಯ ಬಗ್ಗೆ ಎರಡೇ ಪ್ರಶ್ನೆ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪದವಿ ಬಂತು.

ಆ ಹುಡುಗಿ ಮಾತ್ರ ಉತ್ತರಿಸಲಿಲ್ಲ. ಅಷ್ಟರೊಳಗೆ ಅವಳು ಇನ್ನೆಷ್ಟು ಬೋರ್ಡು ಮಾಡಿಸಿದ್ದಳೋ, ಅವಳ ಗೈಡಿನ ಎದುರು ಏನೇನು ಕೇಳಿಸಿಕೊಂಡಿದ್ದಳೋ ನನಗೆ ಗೊತ್ತಿಲ್ಲ. ಮತ್ತೊಮ್ಮೆ ಬರೆದು ಕೇಳಲು ಇವತ್ತಿಗೂ ಧೈರ್ಯವಾಗಿಲ್ಲ.