ಕಿಟಕಿಯ ಪಕ್ಕ ಕುಡಿಸಿದ ಹಾಲು

ಎಂ.ಬಿ.ಬಿ.ಎಸ್. ಮುಗಿಸಿದವರು ಮಾಡಲೇಬೇಕಾದ ಒಂದು ವರ್ಷದ ಗ್ರಾಮೀಣ ಸೇವೆಗೆ ನನ್ನನ್ನು ಹಾಕಿದ್ದು ಮೊಳಕಾಲ್ಮುರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಕೋವಿಡ್ ಗದ್ದಲ ಅಡಗಿ ಒಂದೆರಡು ವರ್ಷವಾಗಿತ್ತು. ವರ್ಷ ಮುಗಿದ ಮೇಲೂ ಅಲ್ಲಿಯೇ ಉಳಿದೆ. ಅದರ ಕಾರಣಗಳು ಈ ಬರಹಕ್ಕೆ ಬೇಕಿಲ್ಲ. ನನ್ನ ಕೋಣೆಯ ಕಿಟಕಿಯಿಂದ ಬ್ರಹ್ಮಗಿರಿಯ ಬಂಡೆಗಳು ಕಾಣುತ್ತಿದ್ದವು. ಆ ಕಿಟಕಿಯನ್ನು ಇಲ್ಲಿ ಹೇಳುವುದು ನೋಟಕ್ಕಾಗಿ ಅಲ್ಲ, ಬೆಳಕಿಗಾಗಿ. ಈ ಪ್ರಸಂಗದಲ್ಲಿ ಅದಕ್ಕೂ ಒಂದು ಕೆಲಸವಿತ್ತು.

ಎಳೆಮಗು ಹಾಲು ಕಕ್ಕುತ್ತದೆ ಎಂದು ಬರುವವರು ವಾರಕ್ಕೆ ಹಲವರು. ಬಹುಪಾಲು ಮಕ್ಕಳಿಗೆ ಏನೂ ಆಗಿರುವುದಿಲ್ಲ. ಕುಡಿದದ್ದರಲ್ಲಿ ಸ್ವಲ್ಪ ಬಾಯಿಯ ಅಂಚಿನಿಂದ ಇಳಿಯುತ್ತದೆ, ಮಗು ನಗುತ್ತಲೇ ಇರುತ್ತದೆ, ತೂಕ ಏರುತ್ತಿರುತ್ತದೆ. ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಿ ಎಂದು ಹೇಳಿ ಕಳಿಸುತ್ತೇವೆ. ನಾನೂ ಹಾಗೆಯೇ ಕಳಿಸುತ್ತಿದ್ದೆ, ಈಗಲೂ ಕಳಿಸುತ್ತೇನೆ.

ಆ ದಿನ ಹೊರರೋಗಿಗಳ ಸಾಲು ಮುಗಿಯುವ ಹೊತ್ತಿಗೆ ಓಬಮ್ಮ ಎಂಬ ಅಜ್ಜಿ ಒಳಗೆ ಬಂದರು. ಸಿದ್ದಾಪುರದ ಕಡೆಯ ಹಳ್ಳಿಯವರು, ಮನೆಯಲ್ಲಿ ಮೇಕೆಗಳ ಹಿಂಡು. ಹಿಂದೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡ ಮಗಳು ಪಾರ್ವತಿ. ಆಕೆಯನ್ನು ಚಳ್ಳಕೆರೆಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೈಯಲ್ಲಿ ಐದು ವಾರದ ಗಂಡುಮಗು. ಮಗುವಿನ ಹಣೆ, ಕೆನ್ನೆ, ಅಂಗಾಲು ಎಲ್ಲ ಕಡೆ ಕಪ್ಪು ಬೊಟ್ಟು.

"ಹಾಲು ನಿಲ್ಲಂಗಿಲ್ಲ ಡಾಕ್ಟ್ರಮ್ಮ. ಕುಡಿತೈತೆ, ಕಕ್ತೈತೆ. ಈಕಿ ಹಾಲು ಒಗ್ಗವಲ್ದು. ಮೇಕೆ ಹಾಲಿಗೆ ನೀರು ಬೆರೆಸಿ ಹಾಕಾನ ಅಂತಿದೀನಿ. ಎಷ್ಟು ನೀರು ಹಾಕ್ಬೇಕು ಅಂತ ಕೇಳ್ಕಂಡು ಹೋಗಾಕೆ ಬಂದೆ" ಎಂದರು ಓಬಮ್ಮ.

ಅಷ್ಟರಲ್ಲಿ ಮಗುವನ್ನು ಮೂರು ಕಡೆ ತೋರಿಸಿ ಆಗಿತ್ತು. ಊರಲ್ಲಿ ದೃಷ್ಟಿ ತೆಗೆಸಿದ್ದರು. ಔಷಧಿ ಅಂಗಡಿಯವನು ಒಂದು ಬಾಟಲಿ ಕೊಟ್ಟಿದ್ದ. ಒಂದು ಕ್ಲಿನಿಕ್ಕಿನಲ್ಲಿ ಹನಿ ಔಷಧಿ ಬರೆದುಕೊಟ್ಟು, ಹೆಚ್ಚು ಕುಡಿಸಬೇಡಿ ಎಂದಿದ್ದರು. ಅವರನ್ನು ತಪ್ಪು ಎನ್ನಲಾರೆ. ಅವರು ಕಂಡದ್ದು ನಾನೂ ಆ ಕ್ಷಣ ಕಂಡದ್ದೇ: ಮುಖ ಒರೆಸಿ, ಬಟ್ಟೆ ಬದಲಿಸಿ, ಪೌಡರ್ ಹಚ್ಚಿ ತಂದ, ಅಳದೆ ಮಲಗಿದ ಮಗು. ಡಾಕ್ಟರ ಮೇಲೆ ಕಕ್ಕಿದರೆ ಚೆನ್ನಾಗಿರುವುದಿಲ್ಲ ಎಂದು ಬರುವ ಮುಂಚೆಯೇ ಕುಡಿಸಿ, ಕಕ್ಕಿಸಿ, ಸ್ವಚ್ಛ ಮಾಡಿ ತರುತ್ತಿದ್ದರು.

ಸಿಸ್ಟರ್ ಮಂಜುಳಾ ಮಗುವನ್ನು ತೂಕಕ್ಕೆ ಹಾಕಿ ನನ್ನ ಮುಖ ನೋಡಿದರು. ಹುಟ್ಟಿದಾಗ ಇದ್ದದ್ದಕ್ಕಿಂತ ಕಡಿಮೆ ಇತ್ತು. ಐದು ವಾರದ ಮಗು ಹುಟ್ಟಿನ ತೂಕವನ್ನು ಎಂದೋ ದಾಟಿರಬೇಕು. ನೆತ್ತಿಯ ಮೃದು ಭಾಗ ಒಳಗೆ ಕುಸಿದಿತ್ತು, ತುಟಿ ಒಣಗಿತ್ತು. ಬೆಳಗಿನಿಂದ ಒಂದೇ ಸಲ ಉಚ್ಚೆ ಮಾಡಿದೆ ಎಂದು ಪಾರ್ವತಿ ಹೇಳಿದಳು. ಮಗು ಅಳದೆ ಇದ್ದದ್ದು ಸಮಾಧಾನದಿಂದಲ್ಲ, ಅಳಲು ಶಕ್ತಿ ಇಲ್ಲದ್ದರಿಂದ.

"ಕಕ್ಕಿದ ಮೇಲೆ ಏನು ಮಾಡುತ್ತಾನೆ? ಮಲಗುತ್ತಾನಾ?" ಎಂದು ಕೇಳಿದೆ.

ಪಾರ್ವತಿ ಅವ್ವನ ಕಡೆ ನೋಡಿ, ನನಗಿಂತ ತನಗೇ ಹೇಳಿಕೊಂಡಂತೆ ಮನೆಯ ತೆಲುಗಿನಲ್ಲಿ ಹೇಳಿದಳು: "ಕಕ್ಕಿನಾಕ ಮಳ್ಳೀ ಆಕಲಿ." ಮಂಜುಳಾ ಅರ್ಥ ಹೇಳಿದರು. ಕಕ್ಕಿದ ಮೇಲೆ ಮತ್ತೆ ಹಸಿವು.

ಸೋಂಕಿನಿಂದ ವಾಂತಿಯಾಗುವ ಮಗುವಿಗೆ ಸಾಮಾನ್ಯವಾಗಿ ಹಾಲು ಬೇಡವಾಗಿರುತ್ತದೆ. ಕಕ್ಕಿದ ತಕ್ಷಣ ಬಾಯಿ ತೆರೆದು ಮತ್ತೆ ಹುಡುಕುವ ಮಗು ಬೇರೆ ಏನನ್ನೋ ಹೇಳುತ್ತಿರುತ್ತದೆ. ಪೈಲೋರಿಕ್ ಸ್ಟೆನೋಸಿಸ್ ಎಂಬ ತೊಂದರೆಯನ್ನು ಪುಸ್ತಕದಲ್ಲಿ ಓದಿದ್ದೆ, ಕಾಲೇಜಿನ ವಾರ್ಡಿನಲ್ಲಿ ಒಮ್ಮೆ ನೋಡಿದ್ದೆ. ಜಠರದಿಂದ ಕರುಳಿಗೆ ಹಾಲು ಇಳಿಯುವ ಬಾಯಿಯ ಸುತ್ತಲಿನ ಸ್ನಾಯು ದಪ್ಪಗಾಗುತ್ತದೆ, ದಾರಿ ಕಿರಿದಾಗುತ್ತದೆ. ಹಾಲು ಮುಂದೆ ಹೋಗಲಾರದೆ ರಭಸದಿಂದ ಹಿಂದಕ್ಕೆ ಚಿಮ್ಮುತ್ತದೆ. ಹುಟ್ಟಿದ ಕೆಲವು ವಾರಗಳಲ್ಲಿ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆ ಮಾಡಿದರೆ ಪೂರ್ತಿ ಗುಣ. ತಡವಾದರೆ ಮಗು ಒಣಗುತ್ತಾ ಹೋಗುತ್ತದೆ. ಹಾಲು ಬದಲಿಸಿ ಒಂದು ವಾರ ನೋಡೋಣ ಎನ್ನುವಷ್ಟು ಸಮಯ ಈ ಮಗುವಿಗೆ ಉಳಿದಿರಲಿಲ್ಲ.

ಸ್ಕ್ಯಾನಿಂಗ್ ಯಂತ್ರ ನಮ್ಮಲ್ಲಿಲ್ಲ. ಆದರೆ ಯಂತ್ರವಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮಗುವಿನ ಹೊಟ್ಟೆಯ ಮೇಲಿನ ಬಟ್ಟೆ ತೆಗೆದು, ಪಕ್ಕದಿಂದ ಬೆಳಕು ಬೀಳುವಂತೆ ತಾಯಿಯನ್ನು ಕೂರಿಸಿ, ಆಕೆ ಹಾಲು ಕುಡಿಸುತ್ತಿರುವಾಗ ಹೊಟ್ಟೆಯನ್ನೇ ನೋಡುತ್ತಾ ಕೂರುವುದು.

ಅದನ್ನು ಹೇಳಿದೆ. ಓಬಮ್ಮ ಮಗುವನ್ನು ನನ್ನ ಮೇಜಿನಿಂದ ಎತ್ತಿಕೊಂಡುಬಿಟ್ಟರು.

"ಕುಡಿಯೋದು ಯಾರೂ ನೋಡಬಾರ್ದು ಡಾಕ್ಟ್ರಮ್ಮ. ಹಾಲಿಗೆ ಕಣ್ಣು ತಾಗ್ತೈತೆ. ನಮ್ಮ ಮನ್ಯಾಗೆ ಗಂಡ ಸುದ್ದಾ ನೋಡಂಗಿಲ್ಲ."

ಆಗ ನನಗೆ ಸಂಗತಿ ತಿಳಿಯಿತು. ಹುಟ್ಟಿದಾಗಿನಿಂದ ಆ ಮಗು ಹಾಲು ಕುಡಿದದ್ದೆಲ್ಲ ಬಾಣಂತಿ ಕೋಣೆಯ ಕತ್ತಲಲ್ಲಿ, ಸೆರಗಿನ ಒಳಗೆ. ಮಗುವಿನ ಹೊಟ್ಟೆ ಬಿಗಿಯಾಗಲೆಂದು ಹಳೆ ಪಂಚೆಯ ಪಟ್ಟಿಯನ್ನು ಸುತ್ತಿಯೇ ಇದ್ದರು. ಹಾಲು ಕುಡಿಯುವಾಗ ಆ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಹೆತ್ತವಳೂ ನೋಡಿರಲಿಲ್ಲ.

"ಅಜ್ಜಿ, ನಾನು ಒಬ್ಬಳೇ ನೋಡುತ್ತೇನೆ. ಬಾಗಿಲು ಹಾಕೋಣ."

"ನಿಂಗೆ ಮಕ್ಕಳು ಎಷ್ಟಮ್ಮ?"

"ಇಲ್ಲ."

"ಮದ್ವೆ?"

"ಇಲ್ಲ."

ಅವರು ಮಗುವನ್ನು ಸೆರಗಿನಿಂದ ಮುಚ್ಚಿಕೊಂಡರು. ಮಕ್ಕಳಿಲ್ಲದವರ ಕಣ್ಣಿನ ಬಗ್ಗೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಮೂವರಿಗೂ ಗೊತ್ತಾಯಿತು. ಮಂಜುಳಾ ಮೆಲ್ಲಗೆ, "ನಂಗೆ ಎರಡು ಮಕ್ಕಳವ್ರೆ ಅಜ್ಜಿ, ನಾನು ನೋಡ್ಲಾ?" ಎಂದರು. ಅದು ಒಳ್ಳೆಯ ಮನಸ್ಸಿನ ಮಾತು. ಆದರೆ ಮಗುವನ್ನು ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸುವ ನಿರ್ಧಾರ ನನ್ನದು, ನೋಡಬೇಕಾದವಳೂ ನಾನೇ. ನನ್ನ ಖಾಸಗಿ ವಿಷಯಗಳನ್ನು ಯಾರಾದರೂ ಕೇಳಿದರೆ ನಾನು ಸಾಮಾನ್ಯವಾಗಿ ಮಾತು ಬದಲಿಸುತ್ತೇನೆ. ಅಂದು ನೇರವಾಗಿಯೇ ಹೇಳಿಬಿಟ್ಟಿದ್ದೆ.

ಪಾರ್ವತಿಯೇ ಬಾಯಿ ಬಿಟ್ಟಳು. "ನೋಡ್ಲಿ ಬಿಡವ್ವ. ಇಷ್ಟು ದಿನ ನಿನ್ನ ಕಣ್ಣೊಂದೇ ಬಿದ್ದೈತೆ. ಹೆಂಗಾಗೈತೆ ನೋಡು."

ಮಂಜುಳಾ ಬಾಯಿಗೆ ಕೈ ಅಡ್ಡ ಹಿಡಿದರು. ಓಬಮ್ಮ ಮಗಳನ್ನು ದಿಟ್ಟಿಸಿ ನೋಡಿ, ಆಮೇಲೆ ನನ್ನ ಕಾಲು ನೋಡಿದರು.

"ನಿಮ್ಮ ಪಾದದ ಮಣ್ಣು ಕೊಡ್ತೀರಾ?"

ಯಾರ ಕಣ್ಣು ತಾಗಿದೆಯೆಂಬ ಅನುಮಾನವಿದೆಯೋ ಅವರ ಪಾದದ ಮಣ್ಣನ್ನು ಉಪ್ಪು, ಮೆಣಸಿನಕಾಯಿ ಜೊತೆ ಮಗುವಿಗೆ ನಿವಾಳಿಸಿ ಬೆಂಕಿಗೆ ಹಾಕುವುದು ಅಲ್ಲಿಯ ರೂಢಿ. ಮುಂಗಡವಾಗಿ ಕೊಟ್ಟರೆ ನೋಡಬಹುದು ಎಂಬುದು ಅವರ ಷರತ್ತು. ಕೊಡುತ್ತೇನೆ ಎಂದೆ. ಆಸ್ಪತ್ರೆಯ ನೆಲ ಫಿನಾಯಿಲ್ ಹಾಕಿ ಒರೆಸಿದ್ದು, ಅಲ್ಲಿ ಮಣ್ಣೆಲ್ಲಿ? ಚಪ್ಪಲಿ ಬಿಟ್ಟು ಹೊರಗೆ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಔಷಧಿಗಾಗಿ ಕುಳಿತಿದ್ದ ಜನ ನೋಡುತ್ತಿದ್ದರು. ನಾನು ಹಿಂದೆ ಸರಿದ ಜಾಗದಿಂದ ಓಬಮ್ಮ ಒಂದು ಚಿಟಿಕೆ ಮಣ್ಣು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಈಗ ನೋಡ್ರಿ" ಎಂದರು.

ಪಾರ್ವತಿಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಹೊಟ್ಟೆಯ ಪಟ್ಟಿಯನ್ನು ಓಬಮ್ಮನೇ ಬಿಚ್ಚಿದರು. ಮಗು ಆತುರದಿಂದ ಕುಡಿಯತೊಡಗಿತು. ಮೊದಲಿಗೆ ಏನೂ ಕಾಣಲಿಲ್ಲ. ನನ್ನ ಊಹೆ ತಪ್ಪಿರಬಹುದು, ಇಷ್ಟೆಲ್ಲ ಮಾಡಿಸಿ ಬರಿಗೈಯಲ್ಲಿ ಏಳಬೇಕಾಗಬಹುದು ಎಂದುಕೊಂಡೆ. ಆಗ ಎಡ ಪಕ್ಕೆಯ ಕೆಳಗೆ ಚರ್ಮ ಸ್ವಲ್ಪ ಉಬ್ಬಿತು. ಆ ಉಬ್ಬು ಹೊಟ್ಟೆಯ ಮೇಲುಭಾಗದಲ್ಲಿ ಮೆಲ್ಲಗೆ ಬಲಕ್ಕೆ ಸರಿಯಿತು, ಮಾಯವಾಯಿತು. ಹಿಂದೆಯೇ ಇನ್ನೊಂದು. ಮುಚ್ಚಿದ ಬಾಗಿಲನ್ನು ಜಠರ ಒಳಗಿನಿಂದ ತಳ್ಳುತ್ತಿತ್ತು.

"ಹೊಟ್ಟ್ಯಾಗೆ ಏನೋ ಹರೀತೈತೆ" ಎಂದರು ಓಬಮ್ಮ. ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಮಗು ಮೊಲೆ ಬಿಟ್ಟಿತು, ಮುಖ ಹಿಂಡಿತು. ಹಾಲು ಚಿಮ್ಮಿ ನನ್ನ ಕೋಟು ದಾಟಿ ಗೋಡೆಗೆ ಬಿತ್ತು. ಬಿಳಿಯ ಹಾಲು, ಹಸಿರು ಬಣ್ಣ ಎಳ್ಳಷ್ಟೂ ಇರಲಿಲ್ಲ. ಇದನ್ನು ಓದುವ ತಾಯಂದಿರಿಗೆ ಒಂದು ಮಾತು: ಎಳೆಮಗುವಿನ ವಾಂತಿ ಹಸಿರಾಗಿದ್ದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆ ಸಡಿಲವಾದ ಆ ಗಳಿಗೆಯಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಬೇವಿನ ಹಣ್ಣಿನ ಆಕಾರದ, ಗಟ್ಟಿಯಾದ ಒಂದು ಗಂಟು ಬೆರಳಿನಡಿ ಜಾರಿತು. ಸಂಶಯ ಉಳಿಯಲಿಲ್ಲ.

ಇಬ್ಬರನ್ನೂ ಕೂರಿಸಿ ಹೇಳಿದೆ. "ಹಾಲಿನಲ್ಲಿ ಏನೂ ದೋಷವಿಲ್ಲ. ಹಾಲು ಇಳಿಯುವ ದಾರಿ ಬಿಗಿಯಾಗಿದೆ. ಅದನ್ನು ಸಡಿಲ ಮಾಡಿಸಬೇಕು."

ಪಾರ್ವತಿ ಮೊದಲ ವಾಕ್ಯದ ಮುಂದಿನದನ್ನು ಕೇಳಿಸಿಕೊಂಡಳೋ ಇಲ್ಲವೋ. "ಹಾಲು ಚಲೋ ಐತಾ?" ಎಂದಳು.

"ಚೆನ್ನಾಗಿದೆ. ಆಪರೇಷನ್ ಆಗುವವರೆಗೆ ಕುಡಿಸಬೇಡ. ಆದರೆ ಹಿಂಡಿ ತೆಗೆಯುತ್ತಿರು, ಬತ್ತಬಾರದು. ಆಮೇಲೆ ಬೇಕು."

ಆಕೆ ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. ಅವ್ವ ಆಪರೇಷನ್ ಎಂಬ ಪದದಲ್ಲೇ ನಿಂತಿದ್ದರು. "ಇಷ್ಟು ಹೊಟ್ಟೆ ಕುಯ್ತಾರಾ?" ಎಂದು ಅಂಗೈ ತೋರಿಸಿದರು. ಇಷ್ಟೇ ಎಂದು ನನ್ನ ಬೆರಳಿನ ಒಂದು ಗೆಣ್ಣು ತೋರಿಸಿದೆ.

ಮಂಜುಳಾ ಮಗುವಿನ ಕಾಲಿನಲ್ಲಿ ರಕ್ತನಾಳ ಹುಡುಕಿ ಡ್ರಿಪ್ ಹಾಕಿದರು. ಬಳ್ಳಾರಿ ನಮಗೆ ಹತ್ತಿರ. ಆದರೆ ನನ್ನ ಫೋನಿಗೆ ಸಿಕ್ಕಿ, ಕಳಿಸಿ ಎಂದ ಮಕ್ಕಳ ಶಸ್ತ್ರಚಿಕಿತ್ಸಕರು ಇದ್ದದ್ದು ದಾವಣಗೆರೆಯಲ್ಲಿ. ದಾರಿಯಲ್ಲಿ ಚಳ್ಳಕೆರೆಯಲ್ಲೇ ಸ್ಕ್ಯಾನ್ ಮಾಡಿಸಿ ತನ್ನಿ ಎಂದರು. ಆಂಬುಲೆನ್ಸಿನಲ್ಲಿ ಚಳ್ಳಕೆರೆಯವರೆಗೆ ನಾನೂ ಹೋದೆ. ಪಾರ್ವತಿಯ ಗಂಡ ತಿಪ್ಪೇಸ್ವಾಮಿ ಅಲ್ಲಿ ಮಾರುಕಟ್ಟೆಯಿಂದ ಎಣ್ಣೆ ಗಿರಣಿಗಳಿಗೆ ಶೇಂಗಾ ಚೀಲ ಸಾಗಿಸುವ ಲಗೇಜ್ ಆಟೋ ಓಡಿಸುತ್ತಿದ್ದ. ಸ್ಕ್ಯಾನಿಂಗ್ ಸೆಂಟರಿನ ಮುಂದೆ ಆಟೋದಲ್ಲಿ ಚೀಲಗಳನ್ನು ಹಾಗೆಯೇ ಬಿಟ್ಟು ನಿಂತಿದ್ದ.

"ಉಳೀತೈತಾ ಮೇಡಂ?" ಎಂದು ಒಂದೇ ಮಾತು ಕೇಳಿದ.

"ಉಳಿಯುತ್ತದೆ. ಈಗಲೇ ಹೋದರೆ."

ಸ್ಕ್ಯಾನ್ ನಾನು ಬೆರಳಿನಲ್ಲಿ ಕಂಡದ್ದನ್ನೇ ಹೇಳಿತು. ಅವರು ಮುಂದೆ ಹೋದರು. ನಾನು ಖಾಸಗಿ ಬಸ್ಸಿನಲ್ಲಿ ವಾಪಸ್ ಬಂದೆ. ಕಿಟಕಿಯ ಗಾಳಿಯಲ್ಲಿ ಗಿರಣಿಗಳ ಎಣ್ಣೆಯ ವಾಸನೆ, ನನ್ನ ಕೋಟಿನಲ್ಲಿ ಹುಳಿಯಾದ ಹಾಲಿನ ವಾಸನೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಇಂಥ ಮಗುವಿನ ರಕ್ತದಲ್ಲಿ ಲವಣಗಳ ಪ್ರಮಾಣ ಏರುಪೇರಾಗಿರುತ್ತದೆ. ಅದು ಸರಿಹೋಗುವವರೆಗೆ ಅರಿವಳಿಕೆ ಕೊಡುವಂತಿಲ್ಲ. ಹಾಗಾಗಿ ಆಪರೇಷನ್ ತಕ್ಷಣ ಆಗಲಿಲ್ಲ. ಮರುದಿನವೆಲ್ಲ ನಾನು ರೋಗಿಗಳನ್ನು ನೋಡಿದೆ, ಫೋನನ್ನೂ ನೋಡಿದೆ. ಅದರ ಮರುದಿನ ಸಂಜೆ ತಿಪ್ಪೇಸ್ವಾಮಿ ಕರೆ ಮಾಡಿದ. ಆಪರೇಷನ್ ಬೆಳಿಗ್ಗೆಯೇ ಆಗಿತ್ತಂತೆ. ಅಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹಾಲು ಕೊಟ್ಟು ನೋಡಿ ಹೇಳಾನ ಅಂತ ಕಾದ್ವಿ ಮೇಡಂ. ಈಗ ಕುಡೀತು. ಕಕ್ಕಲಿಲ್ಲ. ಮಲಿಗೈತೆ."

ಫೋನಿಟ್ಟು ಮಂಜುಳಾಗೆ ಹೇಳಿದೆ. ಅವರು ಗೋಡೆಯ ಮೇಲೆ ಉಳಿದಿದ್ದ ಹಾಲಿನ ಕಲೆಯ ಕಡೆ ನೋಡಿ, "ಇನ್ನು ಇದನ್ನ ಒರೆಸಬೋದು" ಎಂದರು. ಎರಡು ದಿನದಿಂದ ಅದನ್ನು ಯಾರೂ ಒರೆಸಿರಲಿಲ್ಲ.

ತಿಂಗಳ ಮೇಲೆ ಅವರು ಮಗುವನ್ನು ತೋರಿಸಲು ಬಂದರು. ಕೆನ್ನೆ ತುಂಬಿಕೊಂಡಿತ್ತು. ತೂಕದ ಯಂತ್ರದ ಮೇಲೆ ಮಲಗಿಸಿದರೆ ಕಾಲು ಝಾಡಿಸಿ ಜೋರಾಗಿ ಅತ್ತಿತು. ಆ ಅಳುವಿಗೆ ಪಾರ್ವತಿ ನಕ್ಕಳು. ಹೊಟ್ಟೆಯ ಮೇಲೆ ಪಟ್ಟಿ ಇರಲಿಲ್ಲ, ಸಣ್ಣ ಗಾಯದ ಗೆರೆ ಮಾತ್ರ ಇತ್ತು.

ನಾನು ಮರೆತಿದ್ದ ವಿಷಯವನ್ನು ಓಬಮ್ಮನೇ ಎತ್ತಿದರು. ಪಾದದ ಮಣ್ಣಿನ ಗಂಟನ್ನು ದಾವಣಗೆರೆಗೂ ಒಯ್ದಿದ್ದರಂತೆ. ಅಲ್ಲಿಯ ನರ್ಸು, ವಾರ್ಡಿಗೆ ಮಣ್ಣು ಯಾಕೆ ತಂದಿರಿ ಎಂದು ಬೈದಿದ್ದರು. ಬಿಸಾಡದೆ ಊರಿಗೆ ತಂದು ಒಲೆಗೆ ಹಾಕಿದರಂತೆ.

"ಮೆಣಸಿನಕಾಯಿ ಘಾಟಿಗೆ ಮನೆಮಂದಿ ಎಲ್ಲಾ ಕೆಮ್ಮಿ ಹೊರಗೆ ಬಂದ್ವಿ" ಎಂದರು. ಮಂಜುಳಾ ಅದರ ಅರ್ಥ ಹೇಳಿದರು: ಕಣ್ಣು ತಾಗಿದ್ದರೆ ಘಾಟು ಬರುವುದಿಲ್ಲ, ಘಾಟು ಬಂದರೆ ತಾಗಿಲ್ಲ ಎಂದೇ ಲೆಕ್ಕ. ಓಬಮ್ಮ ನನ್ನ ಕಡೆ ನೋಡಿ ಗಂಭೀರವಾಗಿ, "ನಿಮ್ಮದೇನೂ ತಪ್ಪಿಲ್ಲ" ಎಂದರು. ನಾನು ಅದನ್ನು ಪದವಿಯಷ್ಟೇ ಮರ್ಯಾದೆಯಿಂದ ಸ್ವೀಕರಿಸಿದೆ.

ಆ ಘಟನೆಯ ನಂತರ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಸಿ, ಸುತ್ತ ಪರದೆ ಕಟ್ಟಿಸಿದೆ. ಹಾಲು ಕಕ್ಕುವ ಮಗುವನ್ನು ತಂದವರಿಗೆ, ಮನೆಯಲ್ಲಿ ಕುಡಿಸಿ ಬರಬೇಡಿ, ಇಲ್ಲಿ ಕುಡಿಸಿ, ನೋಡಲು ನನಗೆ ಅವಕಾಶ ಕೊಡಿ ಎನ್ನುತ್ತೇನೆ. ಕಾಯಿಲೆಯನ್ನು ಗುರುತಿಸುವುದು ಕಾಲೇಜಿನಲ್ಲಿ ಕಲಿತದ್ದು. ನೋಡುವ ಅನುಮತಿಯನ್ನು ಕೇಳಿ ಪಡೆಯಬೇಕು, ಅದಕ್ಕೆ ಅವರು ಹೇಳಿದ ಬೆಲೆಯನ್ನು ಮುಜುಗರವಿಲ್ಲದೆ ಕೊಡಬೇಕು ಎಂಬುದನ್ನು ಕಲಿತದ್ದು ಕೆಲಸದಲ್ಲಿ.

ಕೆಲವು ವಾರ ಕಳೆದು ಓಬಮ್ಮ ಮತ್ತೆ ಬಂದರು. ಜೊತೆಯಲ್ಲಿ ನೆರೆಮನೆಯ ಸೊಸೆ, ಆಕೆಯ ಮಡಿಲಲ್ಲಿ ಹಾಲು ಕಕ್ಕುವ ಮಗು. ಆಕೆ ಸೆರಗು ಬಿಗಿದುಕೊಂಡು ಬಾಗಿಲಲ್ಲೇ ನಿಂತಳು. ಓಬಮ್ಮ ಆಕೆಯ ತೋಳು ಹಿಡಿದು ಒಳಗೆ ತಂದು, ಪರದೆಯ ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಮಗುವಿನ ಹೊಟ್ಟೆಯ ಪಟ್ಟಿಯನ್ನು ತಾವೇ ಬಿಚ್ಚತೊಡಗಿದರು.

"ನಾಚ್ಕಿ ಬಿಡೇ. ಡಾಕ್ಟ್ರಮ್ಮ ನೋಡ್ಬೇಕು ಇದನ್ನ" ಎಂದರು. ಪಟ್ಟಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದರು. "ನಡೀರಿ, ಮೊದ್ಲು ಹೊರಗೆ ಹೋಗಿ ಬರಾನ."

ನಾನು ಚಪ್ಪಲಿ ಬಿಟ್ಟು ಅವರ ಹಿಂದೆ ಬೇವಿನ ಮರದ ಕಡೆ ನಡೆದೆ. ಆ ಮಗುವಿಗೆ ಏನೂ ಆಗಿರಲಿಲ್ಲ. ಹೆಗಲಿಗೆ ಹಾಕಿಕೊಂಡು ತೇಗಿಸಿ ಎಂದು ಹೇಳಿ ಕಳಿಸಿದೆ.