ಬಾಯಮ್ಮ ಎತ್ತಿದ ಫೋನು

ಮೊನ್ನೆ ಅಪ್ಪನ ಆಸ್ಪತ್ರೆಯ ಚೀಲಕ್ಕೆ ಶಾಲು ಹುಡುಕುತ್ತ ಕಪಾಟು ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ಬಾಗಿಲು ಮುಚ್ಚಿಬಿಟ್ಟೆ. ಬೇರೆಯವರಿಗೆ ಅದು ಒಳಗಿಟ್ಟ ಬಟ್ಟೆಯ ವಾಸನೆ, ಅಷ್ಟೇ. ನನಗೆ ಮಾತ್ರ ನೆರೆಮನೆಯ ಬಾಯಮ್ಮ ಕಪ್ಪು ಸೀರೆಯುಟ್ಟು ಅಂಗಳಕ್ಕೆ ಬಂದು ನಿಂತ ಹಾಗೆ...

ತಲ್ಲೂರಿನ ನಮ್ಮ ಓಣಿಯಲ್ಲಿ ಪ್ರೊಟೆಸ್ಟಂಟರ ಮನೆ ನಮ್ಮದೊಂದೇ. ಬಾಯಮ್ಮ ಕೆಥೋಲಿಕರು, ಅವರ ಇಗರ್ಜಿಯ ವಾಳೆಗೆ ಗುರ್ಕಾರ್. ಅಂದರೆ ಆ ಚರ್ಚಿಗೆ ಸೇರಿದ ಸುತ್ತಲಿನ ಮನೆಗಳಿಗೆಲ್ಲ ಮುಖಂಡರು. ಮನೆಮನೆಯ ಪ್ರಾರ್ಥನೆ, ಹಬ್ಬ, ಗಂಡಹೆಂಡಿರ ಜಗಳ ಎಲ್ಲದಕ್ಕೂ ಅವರು ಬೇಕು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಯ ತಟ್ಟೆ ಹಿಡಿದು ನಮ್ಮಲ್ಲಿಗೆ ಬಂದರೆ, ಅಮ್ಮನ ಕೇಕಿಗೆ ಸಕ್ಕರೆ ಜಾಸ್ತಿಯಾಯಿತೆಂದು ಹೇಳದೆ ಹೋದವರಲ್ಲ. ಯಾರಾದರೂ ತೀರಿಕೊಂಡರೆ ಸುದ್ದಿ ಮುಟ್ಟಿಸುವುದೂ ಗುರ್ಕಾರರ ಕೆಲಸವೇ. ನಾವು ಅವರ ವಾಳೆಯವರಲ್ಲದಿದ್ದರೂ ನಮ್ಮನ್ನು ಬಿಡುತ್ತಿರಲಿಲ್ಲ. ಹಾಗಾಗಿ ಹೊತ್ತಲ್ಲದ ಹೊತ್ತಿಗೆ ಅವರು ಬಂದರೆ ಯಾರು ಹೋದರೋ ಎಂದು ನನಗೆ ಹೆದರಿಕೆ.

ಕೆಲವು ವರ್ಷದ ಹಿಂದೆ ಅಪ್ಪನಿಗೆ ಮಣಿಪಾಲದಲ್ಲಿ ಹೃದಯದ ಆಪರೇಶನ್. ಅಣ್ಣ ಜೊತೆಗಿದ್ದ. ಬಿ.ಪಿ. ಇರುವ ಅಮ್ಮನನ್ನು ಒಬ್ಬಳೇ ಬಿಡುವಂತಿಲ್ಲವೆಂದು ನಾನು ಮನೆಯಲ್ಲಿ. ಮಧ್ಯಾಹ್ನಕ್ಕೆ ಮುಗಿಯುತ್ತದೆ ಅಂದಿದ್ದರು. ಸಂಜೆಯಾದರೂ ಅಣ್ಣ ಫೋನ್ ಎತ್ತಲಿಲ್ಲ. ಅಮ್ಮ ಬೈಬಲ್ ತೆರೆದು ಕೂತಿದ್ದರು, ಒಂದು ಪುಟವನ್ನೂ ಮಗುಚಿರಲಿಲ್ಲ. ನನಗೋ ಆ ಹಾಳು ಮೊಬೈಲನ್ನು ಬಾವಿಗೆ ಎಸೆಯುವಷ್ಟು ಭಯ.

ಆಗ ಗೇಟು ತೆರೆದ ಸದ್ದಾಯಿತು. ಬಾಯಮ್ಮ! ಹಿಂದೆ ಇನ್ನೂ ಕೆಲವು ಹೆಂಗಸರು, ಬ್ರಹ್ಮಾವರದ ಸಿರಿಯನ್ ಇಗರ್ಜಿಯವರಾದ ಅವರ ಬೀಗಿತ್ತಿಯೂ ಇದ್ದರು. ಎಲ್ಲರೂ ಸಾವಿನ ಮನೆಗೆ ಉಡುವ, ನುಸಿಗುಳಿಗೆ ವಾಸನೆಯ ಕಪ್ಪು ಬಿಳಿ ಸೀರೆಯಲ್ಲಿ. ಎದ್ದು ನಿಂತಿದ್ದ ಅಮ್ಮ ಕಂಬ ಹಿಡಿದು ಕುಸಿದರು. ಅಪ್ಪ ಹೋದರು ಅಂತಲೇ ನಾನೂ ತಿಳಿದೆ.

ಬಾಯಮ್ಮ ಓಡಿಬಂದು ಅಮ್ಮನನ್ನು ತಬ್ಬಿಕೊಂಡರು. "ಎಂತದೂ ಆಯ್ಲ ಮಾರಾಯ್ತಿ! ತ್ರಾಸಿಯಂಗ್ ಒಬ್ರ್ ತೀರ್ಕಂಡಿದ್ರ್, ಮಣ್ಣ್ ಮುಗ್ಸಿ ಅಲ್ಲಿಂದ ಸೀದ ಬಂದದ್ದ್. ಬಟ್ಟೆ ಬದ್ಲ್ಸುಕೆ ಪುರ್ಸೊತ್ತಾಯ್ಲ."

"ಹೀಂಗ್ ಬಪ್ಪುದಾ ಬಾಯಮ್ಮ? ನನ್ ಜೀವವೇ ಹೋಯ್ತ್," ಎಂದು ಅಮ್ಮ ಅತ್ತರು. ಅಪ್ಪನಿಗಾಗಿ ಪ್ರಾರ್ಥನೆ ಮಾಡಲು ಬಂದವರು ಅವರೆಲ್ಲ.

ಜಪಮಣಿಯನ್ನು ಬಾಯಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು, ನಮ್ಮ ಮನೆಯಲ್ಲಿ ಆ ಕ್ರಮವಿಲ್ಲವಲ್ಲ. ಮೂರು ಸಭೆಯವರಿಗೂ ಬರುವ ಕರ್ತನ ಪ್ರಾರ್ಥನೆ ಶುರುವಾಯಿತು. ಅವರದ್ದು ಕೊಂಕಣಿಯಲ್ಲಿ, ನಮ್ಮದು ಕನ್ನಡದಲ್ಲಿ. ಕೆಥೋಲಿಕರದ್ದು ಬೇಗ ಮುಗಿಯುತ್ತದೆ, ನಮ್ಮದಕ್ಕೆ ಕೊನೆಯಲ್ಲಿ ಇನ್ನೊಂದು ಸಾಲಿದೆ. ಬಾಯಮ್ಮ ಆಮೆನ್ ಅಂದುಬಿಟ್ಟರು. ಅಮ್ಮನ ಸ್ವರ ಒಂಟಿಯಾಗಿ ಅರ್ಧಕ್ಕೆ ನಿಂತಿತು. ಬಾಯಮ್ಮ ನಾಲಿಗೆ ಕಚ್ಚಿಕೊಂಡು ಅಮ್ಮನ ಕೈ ಹಿಡಿದರು, ಆ ಸಾಲು ಮುಗಿಯುವವರೆಗೆ ಕಾದು ಮತ್ತೊಮ್ಮೆ ಆಮೆನ್ ಅಂದರು.

ಅಷ್ಟರಲ್ಲಿ ಫೋನ್ ಬಂತು. ಅಣ್ಣನದು. ಅಮ್ಮ ಮುಖ ತಿರುಗಿಸಿದರು, ನನ್ನ ಕೈ ಏಳಲಿಲ್ಲ. ಬಾಯಮ್ಮನೇ ಶಿಲುಬೆಯ ಗುರುತು ಹಾಕಿ ಎತ್ತಿದರು. ನಾನು ಅವರ ಮುಖವನ್ನೇ ನೋಡಿದೆ. ಅಷ್ಟು ಹೊತ್ತು ಯಾರ ಮುಖವನ್ನೂ ನಾನು ಹಾಗೆ ನೋಡಿದ್ದಿಲ್ಲ...

"ಆಪ್ರೇಶನ್ ಆಯ್ತಂಬ್ರ್. ಕಣ್ ಬಿಟ್ರಂಬ್ರ್," ಅಂದರು.

ಹೋದ ಮಳೆಗಾಲದಲ್ಲಿ ಬಾಯಮ್ಮ ತೀರಿಕೊಂಡರು. ಸುದ್ದಿ ವಾಟ್ಸಾಪಿನಲ್ಲಿ ಬಂತು. ಮಣ್ಣಿಗೆ ಮೂರೂ ಸಭೆಯವರು ಸೇರಿದ್ದೆವು. ಒಳಗೆ ನನಗಾದದ್ದು ದುಃಖಕ್ಕಿಂತ ಹೆಚ್ಚು ಹೆದರಿಕೆ.

ನಾಳೆ ಅಪ್ಪನಿಗೆ ಮತ್ತೆ ಆಪರೇಶನ್. ಅಣ್ಣ ಆಗಲೇ ಮಣಿಪಾಲದಲ್ಲಿದ್ದಾನೆ. ಊಟಕ್ಕೆ ಕೂತಾಗ ಅಮ್ಮ ತಟ್ಟೆಯನ್ನೇ ನೋಡುತ್ತ, "ನಾಳೆ ಫೋನ್ ಬಂದ್ರೆ ನೀನೇ ತೆಗಿ ಮಗಾ. ನನ್ ಕೈಲ್ ಆತಿಲ್ಲೆ" ಅಂದರು.

ಆಯ್ತು ಅಂದೆ. ನನ್ನ ಕೈಯಲ್ಲೂ ಆಗುವುದಿಲ್ಲ ಎಂದು ಅಮ್ಮನಿಗೆ ಹೇಗೆ ಹೇಳಲಿ?